ಶೀನಣ್ಣನ ಟ್ಯಾಕ್ಸಿ ತಟ್ಟಿದ ಮೂರು ಪೆಟ್ಟು

ಗಾಡಿಗೂ ಜೀವ ಇರುತ್ತದೆ, ಅದಕ್ಕೂ ಗೊತ್ತಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮುಖಕ್ಕೇ ನಗುತ್ತಿದ್ದೆ. ಕಬ್ಬಿಣ, ರಬ್ಬರ್, ಎಣ್ಣೆ, ಅಷ್ಟೇ! ಮಣ್ಣಗುಡ್ಡದ ನನ್ನ ಗ್ಯಾರೇಜಿಗೆ ಬಂದ ಗಾಡಿಯ ಶಬ್ದ ಕೇಳಿಯೇ ರೋಗ ಹೇಳುತ್ತೇನೆಂಬ ಜಂಬವೂ ನನಗೆ ಕಡಿಮೆ ಇರಲಿಲ್ಲ. ಆ ಜಂಬ ಇಳಿದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಮಧ್ಯಾಹ್ನ. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನಮ್ಮ ಬೀದಿಯ ಟ್ಯಾಕ್ಸಿ ಡ್ರೈವರ್ ಶೀನಣ್ಣ ಅವಸರದಲ್ಲಿ ಬಂದರು. "ಬ್ರೇಕ್ ಒತ್ತಿದ್ರೆ ಎಂತದೋ ಬಡಿತದೆ ಮಾರಾಯ, ಕಾಲೆಲ್ಲ ನಡುಗ್ತದೆ. ನಾಳೆ ಬೆಳಿಗ್ಗೆ ಘಾಟಿ ಹತ್ಲಿಕ್ಕೆ ಉಂಟು."

ಮೂಡಿಗೆರೆಯಲ್ಲಿದ್ದ ಅವರ ಮಗಳಿಗೆ ಏಳನೇ ತಿಂಗಳು. ಸೀಮಂತದ ಬಯಕೆ ಊಟ ಮುಗಿಸಿ ಅವಳನ್ನು ಹೆರಿಗೆಗೆ ತವರಿಗೆ ಕರೆತರಬೇಕು. ಮುಹೂರ್ತ ಇಟ್ಟಾಗಿತ್ತು, ಮುಂದೂಡುವ ಹಾಗಿರಲಿಲ್ಲ. ಬಸುರಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯಬೇಕಾದ ಗಾಡಿ ಅದು!

ಬಲ್ಮಠದ ಇಳಿಜಾರಿನಲ್ಲಿ ನಾನೇ ಓಡಿಸಿ ನೋಡಿದೆ. ಬ್ರೇಕ್ ಒತ್ತಿದ್ದೇ ತಡ, ಮುಂದಿನ ಎಡ ಚಕ್ರದಿಂದ ಟಕ್, ಟಕ್, ಟಕ್. ಮೂರೇ ಪೆಟ್ಟು, ಹಿಂದೆಯೇ ಪೆಡಲಿನಲ್ಲಿ ನಡುಕ. "ಬ್ರೇಕಿನ ಡ್ರಮ್ ವಕ್ರ ಆಗಿದೆ, ಬೇರೆ ಎಂತ ಇಲ್ಲ" ಎಂದೆ ಠೀವಿಯಿಂದ. ಬಿಚ್ಚಿದರೆ ಡ್ರಮ್ ದುಂಡಗೆ ಚೆನ್ನಾಗಿಯೇ ಇದೆ, ಲೈನಿಂಗ್ ಹೊಸದು, ಬೇರಿಂಗ್ ಸರಿ! ಎಡದ ಡ್ರಮ್ಮನ್ನು ಬಲಕ್ಕೆ ಹಾಕಿ ಓಡಿಸಿದೆ. ಶಬ್ದ ಮಾತ್ರ ಎಡ ಬಿಟ್ಟು ಕದಲಲಿಲ್ಲ. ತಲೆ ಕೆಟ್ಟುಹೋಯಿತು. ಮತ್ತೆ ಬಿಚ್ಚಿ ಜೋಡಿಸುವಾಗ ಒಂದು ತಾಸು ಕಳೆದಿತ್ತು.

"ಹೋಗ್ಬಹುದಾ ಹೇಗೆ?" ಶೀನಣ್ಣ ಕೇಳಿದರು.

ಬ್ರೇಕ್ ಹಿಡಿಯುತ್ತಿತ್ತಲ್ಲ! ಸೋಲೊಪ್ಪಲು ಮನಸ್ಸಿಲ್ಲದ ನಾನು ಮಡ್ಗಾರ್ಡಿನ ಮೇಲೆ ಕೈಯಿಟ್ಟು, "ಧೈರ್ಯದಲ್ಲಿ ಹೋಗಿ" ಎನ್ನಲು ಬಾಯಿ ತೆರೆದೆ.

ಟಕ್, ಟಕ್, ಟಕ್.

ಎಂಜಿನ್ ಬಂದ್ ಆಗಿತ್ತು. ಒಳಗೆ ಯಾರೂ ಇರಲಿಲ್ಲ. ಶೀನಣ್ಣ ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನ ಅಂಗೈಯಡಿಯ ತಗಡು ಗಡಗಡ ನಡುಗಿತು! "ಅಯ್ಯೋ ದೇವರೇ, ಕೇಳಿತಾ?" ಎಂದು ಅವರು ಹಿಂದಕ್ಕೆ ಹಾರಿದರು.

"ಹತ್ತಿ ಕೂತು ಸ್ಟೇರಿಂಗ್ ಪೂರ್ತಿ ತಿರುಗಿಸಿ, ಬ್ರೇಕ್ ಒತ್ತಿ ಹಿಡೀರಿ!" ಎಂದು ಕಿರುಚಿ ಗಾಡಿಯಡಿಗೆ ನುಗ್ಗಿದೆ. ಯಾಕೆ ಹಾಗೆ ಹೇಳಿದೆನೋ ನನಗೇ ತಿಳಿಯದು. ಎಡ ಚಕ್ರಕ್ಕೆ ಬ್ರೇಕ್ ಎಣ್ಣೆ ಒಯ್ಯುವ ರಬ್ಬರ್ ಪೈಪು ಒಳಮಗ್ಗುಲಲ್ಲಿ ಬಿರಿದು, ಹಲಸಿನ ಬೀಜದಷ್ಟು ಉಬ್ಬಿತ್ತು. ಸ್ಟೇರಿಂಗ್ ತಿರುಗಿಸಿ ಚಕ್ರ ಓರೆಯಾದಾಗ ಮಾತ್ರ ಕಾಣುವ ಜಾಗ ಅದು. ಚಕ್ರ ನೇರ ಇಟ್ಟೇ ಪೈಪು ನೋಡುವುದು ನನ್ನ ಅಭ್ಯಾಸ, ಅಲ್ಲೇ ನಾನು ತಪ್ಪಿದ್ದೆ. ಘಾಟಿಯ ತಿರುವಿನಲ್ಲಿ ಅದು ಒಡೆದಿದ್ದರೆ? ಬ್ರೇಕೇ ಇಲ್ಲದೆ ಬಸುರಿ ಸಮೇತ ಗಾಡಿ ಕಂದಕಕ್ಕೆ!

ಹೊಸ ಪೈಪು ಹಾಕಿದೆ. ಶಬ್ದ ನಿಂತಿತು, ನಡುಕವೂ ನಿಂತಿತು. ಮರುದಿನ ಸಂಜೆ ಮಗಳು ಮುಡಿ ತುಂಬ ಹೂವಿನೊಂದಿಗೆ ಸುಖವಾಗಿ ತವರು ಸೇರಿದಳು.

ಆದರೆ ರಬ್ಬರ್ ಪೈಪು ಟಕ್ ಎನ್ನುವುದಿಲ್ಲ. ಬೇಕಾದರೆ ಯಾವ ಮೆಕ್ಯಾನಿಕ್ಕನ್ನಾದರೂ ಕೇಳಿ ನೋಡಿ. ಬಿಸಿ ಕಬ್ಬಿಣ ತಣಿಯುವ ಸದ್ದು ಎನ್ನೋಣವೆಂದರೆ ಚಕ್ರ ಆಗಲೇ ತಣ್ಣಗಾಗಿತ್ತು. ನನಗಂತೂ ಇವತ್ತಿನವರೆಗೆ ಅರ್ಥವಾಗಿಲ್ಲ.

ಗ್ಯಾರೇಜಿನಿಂದ ಗಾಡಿ ಬಿಡುವ ಮುಂಚೆ ಈಗಲೂ ಮಡ್ಗಾರ್ಡಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನೋಡಿದವರು ನಗುತ್ತಾರೆ, ನಗಲಿ. ಯಾವ ಗಾಡಿಯೂ ಮತ್ತೆ ತಟ್ಟಿಲ್ಲ. ಆದರೂ ಕೈ ಎತ್ತಿದ ಮೇಲೆಯೇ ನಾನು "ಧೈರ್ಯದಲ್ಲಿ ಹೋಗಿ" ಎನ್ನುವುದು.