ಕ್ಯಾರಿಯಾಕೂಗೆ ಹೊರಟ ಡ್ರಮ್ಮು

ಬೆಳಗ್ಗೆ ದೇವರಿಗೆ ದೀಪ ಹಚ್ಚಿ ಕೈಮುಗಿದ ಮೇಲೆ ಸತ್ಯಭಾಮಾ ತಮ್ಮ ಶಾಲಿನ ತುದಿಗೊಂದು ಗಂಟು ಹಾಕುತ್ತಾರೆ. ತಿಪಟೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗೈಡ್ಸ್ ಸೇರಿದಾಗ ರಾಜಲಕ್ಷ್ಮಿ ಟೀಚರ್ ಕಲಿಸಿದ ಅಭ್ಯಾಸ ಅದು. ದಿನಕ್ಕೊಂದಾದರೂ ಉಪಕಾರ ಮಾಡಬೇಕು, ಮಾಡಿದ ಮೇಲಷ್ಟೇ ಗಂಟು ಬಿಚ್ಚಬೇಕು. ಆಗ ಕೊರಳಿನ ಸ್ಕಾರ್ಫಿಗೆ ಹಾಕುತ್ತಿದ್ದ ಗಂಟು ಮದುವೆಯಾದ ಮೇಲೆ ಸೆರಗಿಗೆ ಬಂತು, ಕೆನಡಾದ ಬ್ರ್ಯಾಂಪ್ಟನ್ನಿನಲ್ಲಿ ಮಗಳ ಮನೆ ಸೇರಿದ ಮೇಲೆ ಉಣ್ಣೆಯ ಶಾಲಿಗೆ ಬಂತು. ಹೆರಿಗೆಗೆ ಹೋದ ದಿನ ತಪ್ಪಲಿಲ್ಲ, ಗಂಡ ತೀರಿಕೊಂಡ ದಿನವೂ ತಪ್ಪಲಿಲ್ಲ. ಉಪಕಾರ ದೊಡ್ಡದೇ ಆಗಬೇಕೆಂದಿಲ್ಲ. ಮಧ್ಯಾಹ್ನ ಎರಡು ಗಂಟೆ ಹೊತ್ತು ಹತ್ತಿರದ ಶಾಲೆಯಲ್ಲಿ ಮಕ್ಕಳ ಊಟ ನೋಡಿಕೊಳ್ಳುವುದು ಅವರ ಕೆಲಸ. ಯಾವುದೋ ಮಗುವಿನ ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆದುಕೊಟ್ಟರೂ ಆ ದಿನದ ಗಂಟು ಬಿಚ್ಚಿದಂತೆಯೇ.

ಮೊಮ್ಮಗಳು ರಿಯಾಳನ್ನು ಗೈಡ್ಸಿಗೆ ಸೇರಿಸಿದವರೂ ಅವರೇ. ಪ್ರತಿ ಮಂಗಳವಾರ ಸಂಜೆ ಚರ್ಚೊಂದರ ಬೇಸ್‌ಮೆಂಟಿನಲ್ಲಿ ಹುಡುಗಿಯರು ಸೇರುತ್ತಿದ್ದರು. ನಡೆಸುತ್ತಿದ್ದವರು ವರ್ನಾ, ರಿಟೈರಾದ ನರ್ಸು, ಕೆರಿಬಿಯನ್ ಸಮುದ್ರದ ಗ್ರೆನಡಾ ದೇಶದವರು. ಸತ್ಯಭಾಮಾ ಮೊದಮೊದಲು ಮೊಮ್ಮಗಳನ್ನು ಬಿಟ್ಟು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದರು. ಒಂದು ದಿನ ವರ್ನಾ ಎಡಗೈ ಚಾಚಿದರು. ಗೈಡ್ಸಿನವರು ಎಲ್ಲಿದ್ದರೂ ಕೈ ಕುಲುಕುವುದು ಎಡಗೈಯಲ್ಲೇ. ಸತ್ಯಭಾಮಾ ತಡವರಿಸದೆ ತಮ್ಮ ಎಡಗೈ ಕೊಟ್ಟರು. ವರ್ನಾ ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಇಷ್ಟು ದಿನ ಸುಮ್ಮನೆ ಕೂತಿದ್ದೆಯಲ್ಲ, ಕಳ್ಳಿ," ಎಂದರು. ಇಬ್ಬರ ಮಾತೂ ಇಂಗ್ಲಿಷಿನಲ್ಲೇ. ಒಬ್ಬರದು ತಿಪಟೂರಿನ ಇಂಗ್ಲಿಷು, ಇನ್ನೊಬ್ಬರದು ದ್ವೀಪದ ಇಂಗ್ಲಿಷು. ಆದರೂ ಯಾವತ್ತೂ ಅಡ್ಡಿಯಾಗಲಿಲ್ಲ.

ವರ್ನಾ ಹುಟ್ಟಿದ್ದು ಗ್ರೆನಡಾಕ್ಕೆ ಸೇರಿದ ಕ್ಯಾರಿಯಾಕೂ ಎಂಬ ಪುಟ್ಟ ದ್ವೀಪದಲ್ಲಿ. ಅಲ್ಲಿ ಬಿರುಗಾಳಿ ಬೀಸಿ, ಊರಿಗೆ ಊರೇ ಸೂರು ಕಳೆದುಕೊಂಡಿತ್ತು. ಅವರು ಬಾಲ್ಯದಲ್ಲಿದ್ದ ಗೈಡ್ಸ್ ತಂಡವನ್ನು ಈಗ ಅವರ ಗೆಳತಿಯೊಬ್ಬಳು ನಡೆಸುತ್ತಿದ್ದಳು. ಹೊಸದಾಗಿ ಸೇರಿದ ಹದಿಮೂರು ಹುಡುಗಿಯರು ಜೂನಿನಲ್ಲಿ ಪ್ರತಿಜ್ಞೆ ತೆಗೆದುಕೊಳ್ಳಬೇಕು, ಯಾರಿಗೂ ಸಮವಸ್ತ್ರವಿಲ್ಲ. ವರ್ನಾ ಅಳತೆ ತರಿಸಿ, ಬಟ್ಟೆ ತಂದು, ಚಳಿಗಾಲವಿಡೀ ಕೂತು ಹದಿಮೂರು ನೀಲಿ ಅಂಗಿ ಹೊಲಿದರು. ಸ್ಕಾರ್ಫುಗಳ ಅಂಚನ್ನು ಬ್ರ್ಯಾಂಪ್ಟನ್ನಿನ ಹುಡುಗಿಯರೇ ಮಡಿಸಿ ಹೊಲಿದರು. ಬೇಸ್‌ಮೆಂಟಿನ ಮೂಲೆಯಲ್ಲಿ ಎದೆಮಟ್ಟದ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದು ಬಂದು ನಿಂತಿತು. ಈ ಕಡೆಯಿಂದ ದ್ವೀಪಗಳಿಗೆ ಸಾಮಾನು ಹೋಗುವುದು ಅದರಲ್ಲೇ. ಆರು ವಾರ ಹುಡುಗಿಯರು ಅಕ್ಕಿ, ಹಾಲಿನ ಪುಡಿ, ನೋಟ್‌ಬುಕ್ಕು, ಟಾರ್ಚು ತಂದು ತುಂಬಿದರು. ವರ್ನಾ ಸಿಕ್ಕ ಸಂದಿಗೆಲ್ಲ ಬಟ್ಟೆ ಸೋಪು ತುರುಕಿದರು. ಕಟ್ಟಕಡೆಗೆ, ತೆಗೆದ ಕೂಡಲೇ ಸಿಗಲೆಂದು, ಮೇಲೆ ಅಂಗಿಗಳು. ಶನಿವಾರ ಮಧ್ಯಾಹ್ನ ಲಾರಿ ಬಂದು ಒಯ್ಯಬೇಕು. ಆ ಹಡಗು ತಪ್ಪಿದರೆ ಜೂನಿಗೆ ತಲುಪುವುದಿಲ್ಲ.

ಮಂಗಳವಾರ ಎಲ್ಲರೂ ಮೆಟ್ಟಿಲು ಹತ್ತಿದ ಮೇಲೆ ಸತ್ಯಭಾಮಾ ಡ್ರಮ್ಮಿನೊಳಗೆ ಇಣುಕಿದರು. ಅಂಗಿಗಳ ಪಕ್ಕದಲ್ಲಿ ಒಂದು ಗೇಣು ಜಾಗ ಖಾಲಿ ಇತ್ತು. ಯಾರಿಗಾದರೂ ಪಾತ್ರೆ ಕೊಡುವಾಗ ಖಾಲಿ ಕೊಡದೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುವ ಮನೆಯಲ್ಲಿ ಬೆಳೆದವರು ಅವರು. ಇಷ್ಟು ದೂರ ಹೋಗುವ ಡ್ರಮ್ಮಿನಲ್ಲಿ ಖಾಲಿ ಜಾಗವೇ? ವರ್ನಾಗೆಂದು ಬೆಳಗ್ಗೆ ಕಾಯಿಸಿ ತಂದಿದ್ದ ಪುಳಿಯೋಗರೆ ಗೊಜ್ಜಿನ ಬಾಟಲಿ ಚೀಲದಲ್ಲಿತ್ತು. ಅನ್ನ ಎಲ್ಲ ಊರಿನಲ್ಲೂ ಮಾಡುತ್ತಾರೆ, ಕಲಸಿಕೊಂಡು ತಿನ್ನಲಿ ಎಂದು ಅದನ್ನು ಆ ಸಂದಿಯಲ್ಲಿಟ್ಟು, ಮನಸ್ಸಿನಲ್ಲೇ ದೇವರನ್ನು ನೆನೆದು, ಮುಚ್ಚಳ ಹಾಕಿ ಬಂದರು. ಆ ರಾತ್ರಿ ಶಾಲಿನ ಗಂಟು ಬಿಚ್ಚಿ ತೃಪ್ತಿಯಿಂದ ಮಲಗಿದರು.

ಗುರುವಾರ ಮಕ್ಕಳ ಊಟದ ಹೊತ್ತಿಗೆ ವರ್ನಾರ ಫೋನು ಬಂತು.

"ಭಾಮಾ, ಬ್ಯಾಟರಿ ಇಡೋಣ ಅಂತ ಡ್ರಮ್ಮು ತೆಗೆದೆ. ಒಳಗೆ ಎಂಥದೋ ಬಾಟಲಿ ಸೋರಿ ಬಟ್ಟೆಗೆಲ್ಲ ಎಣ್ಣೆ ಇಳಿದಿದೆ. ವಾಸನೆ ನೋಡಿದರೆ ಗ್ಯಾಸ್ ಸೋರಿದೆಯೇನೋ ಅನ್ನಿಸಿತು. ಯಾವುದೋ ಹುಡುಗಿ ಇಟ್ಟಿರಬೇಕು. ಪಾಪ, ಬೈಯುವುದು ಬೇಡ."

ಸತ್ಯಭಾಮಾ ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಂಗಿನ ವಾಸನೆಯ ಬಾಟಲಿ ತರಬಲ್ಲ ಹುಡುಗಿ ತಂಡದಲ್ಲಿ ರಿಯಾ ಒಬ್ಬಳೇ ಎಂಬುದು ಮರುಕ್ಷಣ ಹೊಳೆಯಿತು. ಅದು ಹೊಳೆಯದಿದ್ದರೂ ತಾನು ನಿಜ ಹೇಳುತ್ತಿದ್ದೆನೇ ಎಂದು ಅವರು ಆಮೇಲೆ ತಮ್ಮನ್ನು ತಾವೇ ಕೇಳಿಕೊಂಡದ್ದುಂಟು.

"ಹುಡುಗಿಯರಲ್ಲ. ನಾನು ಇಟ್ಟೆ," ಎಂದರು.

ಕೆಲಸ ಮುಗಿಸಿ, ಬಸ್ಸು ಹಿಡಿದು ಹೋದಾಗ ವರ್ನಾ ಮಡಚುವ ಕುರ್ಚಿಯೊಂದರಲ್ಲಿ ಕೂತಿದ್ದರು. ಅಂಗಿಗಳು ಮೇಜಿನ ಮೇಲಿದ್ದವು. ನಾಲ್ಕಕ್ಕೆ ಕಂದು ಎಣ್ಣೆಯ ಕಲೆ, ಹದಿಮೂರಕ್ಕೂ ಇಂಗಿನ ವಾಸನೆ. ಬಿಸಿಯಾಗಿದ್ದಾಗಲೇ ತುಂಬಿದ ಗೊಜ್ಜು, ಹಳೆಯ ಬಾಟಲಿ, ಪಕ್ಕದಲ್ಲೇ ಕೋಣೆ ಕಾಯಿಸುವ ಫರ್ನೇಸು. ಹೇಗಾಯಿತೆಂದು ಕೇಳುವಂತೆಯೇ ಇರಲಿಲ್ಲ.

ವರ್ನಾ ಬೈಯಲಿಲ್ಲ. ಬೈದಿದ್ದರೇ ಹಗುರವಾಗುತ್ತಿತ್ತು. ಅವರಾಗಿಯೇ ಮಾತು ತೆಗೆದರು.

"ನನಗೆ ಆರು ವರ್ಷ ಆದಾಗ ನಮ್ಮಮ್ಮ ಮನೆಗೆಲಸಕ್ಕೆ ಅಂತ ಟೊರಾಂಟೊಗೆ ಬಂದಳು. ನಾನು ಅಜ್ಜಿ ಹತ್ತಿರ. ವರ್ಷಕ್ಕೊಂದು ಡ್ರಮ್ಮು ಕಳಿಸುತ್ತಿದ್ದಳು. ಮುಚ್ಚಳ ತೆಗೆದ ತಕ್ಷಣ ನಾನು ತಲೆಯನ್ನ ಪೂರ್ತಿ ಒಳಗೆ ಹಾಕಿಬಿಡುತ್ತಿದ್ದೆ. ಅಂಗಿ ಬೇಕಿರಲಿಲ್ಲ, ಬಿಸ್ಕತ್ತು ಬೇಕಿರಲಿಲ್ಲ. ಸೋಪಿನ ವಾಸನೆ. ಅಮ್ಮ ಅಂದರೆ ಅದೇ ನನಗೆ. ಮತ್ತೆ ಅವಳನ್ನ ನೋಡಿದ್ದು ಹದಿನೇಳನೇ ವರ್ಷಕ್ಕೆ." ಮೇಜಿನ ಮೇಲಿದ್ದ ಅಂಗಿಯ ಕಾಲರನ್ನು ಬೆರಳಿನಿಂದ ನೇರ ಮಾಡಿದರು. "ಈ ಹದಿಮೂರರಲ್ಲಿ ಐದು ಮಕ್ಕಳ ತಾಯಂದಿರು ಇಲ್ಲೇ ಎಲ್ಲೋ ಕೆಲಸದಲ್ಲಿದ್ದಾರೆ. ಅವೂ ತಲೆ ಹಾಕುತ್ತವೆ. ಅದಕ್ಕೇ ಅಷ್ಟು ಸೋಪು."

ಸತ್ಯಭಾಮಾ ಎದ್ದು, ಅಂಗಿಗಳನ್ನೆಲ್ಲ ಎರಡು ದೊಡ್ಡ ಚೀಲಗಳಿಗೆ ತುಂಬಿ, "ಶನಿವಾರ ಬೆಳಗ್ಗೆ ತರುತ್ತೇನೆ," ಎಂದಷ್ಟೇ ಹೇಳಿದರು.

ಮನೆಗೆ ಬಂದವರೇ ಸ್ನಾನದ ಟಬ್ಬಿನಲ್ಲಿ ವಿನೆಗರ್ ಸುರಿದು ಎಲ್ಲ ನೆನೆಹಾಕಿದರು. ಆಫೀಸಿನಿಂದ ಬಂದ ಮಗಳು ಶ್ರೀಜಾ ಬಾಗಿಲಲ್ಲೇ ನಿಂತಳು.

"ಅಮ್ಮ, ಇದೇನು, ಮನೆಯೆಲ್ಲಾ ಉಪ್ಪಿನಕಾಯಿ ಫ್ಯಾಕ್ಟರಿ ಆಗಿದೆ?"

"ಇಂಗಿನ ವಾಸನೆ ಹೋಗ್ಬೇಕು ಕಣೆ."

"ಇಂಗು ಅಂದ್ರೆ ಸುಮ್ನೇನಾ? ಹೋದ ವಾರ ನಾನು ಲಂಚ್ ಬಾಕ್ಸ್ ಓಪನ್ ಮಾಡಿದ್ದಕ್ಕೆ ಮೀಟಿಂಗ್ ರೂಮೇ ಖಾಲಿ ಆಯ್ತು. ಡ್ರೈಕ್ಲೀನಿಂಗ್‌ಗೆ ಕೊಡು, ಸೋಮವಾರ ಕೊಡ್ತಾರೆ."

"ಸೋಮವಾರ ಹಡಗು ನನಗೋಸ್ಕರ ನಿಂತ್ಕೊಂಡಿರುತ್ತಾ? ತೋಳು ಮಡಚು, ಈ ಕಲೆ ಉಜ್ಜು ಬಾ."

ಶ್ರೀಜಾ ಗೊಣಗುತ್ತಲೇ ತೋಳು ಮಡಚಿದಳು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಕಲೆಗಳು ಮುಕ್ಕಾಲು ಹೋಗಿದ್ದವು, ವಾಸನೆ ಮಾತ್ರ ಅಲ್ಲೇ ಕೂತಿತ್ತು. ಸತ್ಯಭಾಮಾ ಅಂಗಡಿಯಿಂದ ಅಂಟುವಾಳದ ಪುಡಿ ತಂದು ಕುದಿಸಿ, ಅವರ ತಾಯಿ ರೇಷ್ಮೆ ಸೀರೆ ತೊಳೆಯುತ್ತಿದ್ದ ಹಾಗೆ, ಆ ನೊರೆಯಲ್ಲಿ ಒಂದೊಂದನ್ನೇ ಅದ್ದಿ ತೊಳೆದರು. ಡ್ರೈಯರ್ ಶಾಖಕ್ಕೆ ವಾಸನೆ ಇನ್ನೂ ಅಂಟಿಕೊಂಡೀತು ಎಂದು ಗಾಳಿಗೇ ಹಾಕುವುದೆಂದಾಯಿತು. ಶಾಲೆಯಿಂದ ಬಂದ ರಿಯಾ ಮನೆಯ ಹಿಂದಿನ ಬೇಲಿಯ ಕಂಬಗಳಿಗೆ, ತಾನು ಗೈಡ್ಸಿನಲ್ಲಿ ಕಲಿತ ಗಂಟಿನಲ್ಲಿ, ಹಗ್ಗ ಕಟ್ಟಿದಳು. ಏಪ್ರಿಲ್ಲಿನ ಗಾಳಿ ಚೂರಿಯ ಹಾಗಿತ್ತು. ಹದಿಮೂರು ನೀಲಿ ಅಂಗಿಗಳು ತೋಳು ಬೀಸುತ್ತಾ ಒಣಗಿದವು. ಸತ್ಯಭಾಮಾ ಗಂಟೆಗೊಮ್ಮೆ ಹೊರಗೆ ಹೋಗಿ ಮೂಸಿ ಬರುತ್ತಿದ್ದರು. ಕೊನೆಕೊನೆಗೆ ಅವರ ಮೂಗಿನ ಮೇಲೇ ಅವರಿಗೆ ನಂಬಿಕೆಯಿಲ್ಲದಂತಾಯಿತು. ಅಡುಗೆಮನೆಯಲ್ಲಿ ಐವತ್ತು ವರ್ಷ ಇಂಗಿನ ಜೊತೆ ಬದುಕಿದ ಮೂಗು ಅದು.

ಶನಿವಾರ ಹತ್ತು ಗಂಟೆಗೆ ಬೇಸ್‌ಮೆಂಟಿನಲ್ಲಿ ವರ್ನಾ ಅಂಗಿಗಳನ್ನು ಮೇಜಿನ ಮೇಲೆ ಹರಡಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರು. "ಕಣ್ಣು ಮುಚ್ಚಿ ಮೂಸಿ. ನನಗೆ ಬೇಜಾರಾಗುತ್ತೆ, ಭಾಮಾಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದರೆ ಬ್ಯಾಡ್ಜು ಕಿತ್ತುಕೊಳ್ಳುತ್ತೇನೆ."

ಹುಡುಗಿಯರು ನಗುತ್ತಾ ಮೂಸಿದರು. ಹನ್ನೆರಡು ಅಂಗಿಗಳು ಪಾಸಾದವು. ಹದಿಮೂರನೆಯದರ ಹತ್ತಿರ ರಿಯಾ ಅಜ್ಜಿಯ ಕಡೆ ನೋಡಿದಳು, ನೆಲ ನೋಡಿದಳು.

"ಅಜ್ಜಿ, ಸಾರಿ. ಕಾಲರ್ ಒಳಗೆ... ಇಟ್ ಸ್ಮೆಲ್ಸ್ ಲೈಕ್ ಅವರ್ ಕಿಚನ್."

"ಸಾರಿ ಯಾಕೆ ಪುಟ್ಟಿ? ನಿಜ ತಾನೇ ಹೇಳಿದ್ದು."

ವರ್ನಾ ಕತ್ತರಿ ತೆಗೆದು ಕಾಲರಿನ ಹೊಲಿಗೆ ಬಿಚ್ಚಿದರು, ಒಳಗಿನ ಗಟ್ಟಿ ಬಟ್ಟೆ ಎಸೆದು ಹೊಸದಿಟ್ಟರು. ಸತ್ಯಭಾಮಾ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಟ್ಟರು. ಇನ್ನೊಂದರ ಜೇಬಿನ ಕೆಳಗೆ ಮಸುಕಾದ ಕಲೆ ಹಾಗೆಯೇ ಉಳಿಯಿತು, ಅದಕ್ಕೆ ಯಾರೂ ಏನೂ ಮಾಡಲಾಗಲಿಲ್ಲ. ಅಂಗಿಗಳ ನಡುನಡುವೆ ಮತ್ತೆ ಸೋಪು ಇಟ್ಟು, ಮುಚ್ಚಳ ಹಾಕಿ, ಸುತ್ತಲಿನ ಕಬ್ಬಿಣದ ಪಟ್ಟಿ ಬಿಗಿದರು. ಹನ್ನೆರಡೂವರೆಗೆ ಲಾರಿ ಬಂತು. ಇಬ್ಬರು ಆಳುಗಳು ಡ್ರಮ್ಮನ್ನು ಓರೆ ಮಾಡಿ, ಉರುಳಿಸುತ್ತಾ ಒಯ್ದರು.

ಲಾರಿ ತಿರುಗಿ ಮರೆಯಾದ ಮೇಲೆ ಪಾರ್ಕಿಂಗಿನಲ್ಲಿ ಇಬ್ಬರೇ ಉಳಿದರು. ವರ್ನಾ ಸತ್ಯಭಾಮಾರ ತೋಳು ಹಿಡಿದುಕೊಂಡರು.

"ನನ್ನ ತಮ್ಮನ ಮಗ ಏರ್‌ಲೈನ್ಸಿನಲ್ಲಿದ್ದಾನಲ್ಲ. ಜೂನಿನಲ್ಲಿ ನಾನು ಊರಿಗೆ ಹೋಗುವಾಗ ಜೊತೆಗೆ ಇನ್ನೊಬ್ಬರಿಗೆ ಅವನೇ ಟಿಕೆಟ್ ಮಾಡಿಕೊಡುತ್ತಾನೆ. ನೀನು ಬಾ. ನಮ್ಮ ಮನೆಯಲ್ಲೇ ಇರುವೆಯಂತೆ. ಹುಡುಗಿಯರು ಡ್ರಮ್ಮು ತೆಗೆಯುವಾಗ ನೀನೂ ಅಲ್ಲಿರಬೇಕು."

ಸತ್ಯಭಾಮಾಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ವರ್ನಾ ಹೇಳುತ್ತಿದ್ದ ಆ ಸಮುದ್ರ, ಹದಿಮೂರು ಮಕ್ಕಳು ಮೂರು ಬೆರಳೆತ್ತಿ ಪ್ರತಿಜ್ಞೆ ಹೇಳುವುದು, ಎಲ್ಲ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು. ಆದರೆ ಅವರು ನಿಧಾನವಾಗಿ ಅಡ್ಡಡ್ಡ ತಲೆಯಾಡಿಸಿದರು.

"ಬೇಡ ವರ್ನಾ. ನಾನು ಎದುರಿಗೆ ನಿಂತಿದ್ದರೆ, ವಾಸನೆ ಬಂದರೂ ಆ ಮಕ್ಕಳು ಬಂದಿಲ್ಲ ಅನ್ನುತ್ತವೆ. ಕೊಟ್ಟವಳು ನೋಡುತ್ತಿದ್ದಾಳೆ ಅಂತ ಸರಿಯಾಗಿ ತಲೆಯನ್ನೂ ಹಾಕುವುದಿಲ್ಲ. ಮೂಗು ಮುರಿಯಬೇಕು ಅನ್ನಿಸಿದರೆ ಮುರಿಯಲಿ, ಅಳಬೇಕು ಅನ್ನಿಸಿದರೆ ಅಳಲಿ. ನೀನು ಅವರೂರಿನವಳು, ನೀನಿದ್ದರೆ ಸಾಕು."

"ಸೀಟು ಸುಮ್ಮನೆ ಹಾಳಾಗುತ್ತಲ್ಲ ಭಾಮಾ."

"ಆ ಐದು ತಾಯಂದಿರು ಇಲ್ಲೇ ಇದ್ದಾರೆ ಅಂದೆಯಲ್ಲ," ಎಂದರು ಸತ್ಯಭಾಮಾ. "ಅವರಲ್ಲಿ ಯಾರಿಗೆ ರಜೆ ಸಿಗುತ್ತೋ ಕೇಳು."