ಆಯುಧಪೂಜೆಗೆ ಕಿತ್ತ ಪ್ಲಗ್ಗು

ಜಲಜಾ ಒಂದು ಕಡೆ ಕೂತದ್ದನ್ನು ಕಂಡವರು ಕಡಿಮೆ. ನಂದಿನಿ ಲೇಔಟಿನ ಮನೆಯಲ್ಲಿ ಬೆಳಗಿನ ಕಾಫಿಯನ್ನೂ ನಿಂತೇ ಕುಡಿಯುತ್ತಾಳೆ, ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಒರೆಸುವ ಬಟ್ಟೆ. "ಕೂತ್ಕೊಂಡ್ರೆ ನಿಂಗೆ ಟ್ಯಾಕ್ಸ್ ಹಾಕ್ತಾರೇನೇ?" ಎಂದು ಗಂಡ ವೆಂಕಟಗಿರಿ ಮೂವತ್ತು ವರ್ಷದಿಂದ ಕೇಳುತ್ತಲೇ ಇದ್ದಾನೆ. ಉತ್ತರ ಕೊಡುವಷ್ಟು ಪುರುಸೊತ್ತು ಅವಳಿಗೆ ಇನ್ನೂ ಸಿಕ್ಕಿಲ್ಲ. ಹತ್ತು ಕೆಲಸ ಒಟ್ಟಿಗೆ ಹಿಡಿಯುವುದು, ಒಂಬತ್ತನ್ನು ಚೊಕ್ಕವಾಗಿ ಮುಗಿಸುವುದು, ಹತ್ತನೆಯದನ್ನು ಮರೆಯುವುದು ಅವಳ ಜಾಯಮಾನ.

ಪಿಯುಸಿಯಲ್ಲಿ ಒಂದು ಸಬ್ಜೆಕ್ಟ್ ಉಳಿಸಿಕೊಂಡವಳು ಇಪ್ಪತ್ಮೂರನೇ ವಯಸ್ಸಿಗೆ ರಾಜಾಜಿನಗರದ ಒಂದು ಲ್ಯಾಬಿಗೆ ಬಾಟಲಿ ತೊಳೆಯಲು ಸೇರಿದಳು. ಈಗ ಐವತ್ತೆರಡು. ಡಾಕ್ಟರ್ ರಾಗಿಣಿ ಆ ಲ್ಯಾಬಿನ ಮುಖ್ಯಸ್ಥೆಯಾಗಿ ಬಂದ ಹೊಸದರಲ್ಲಿ, ಬಾಟಲಿ ತೊಳೆಯುವ ಈ ಹೆಂಗಸಿನ ಕೈ ಒಂಚೂರೂ ನಡುಗುವುದಿಲ್ಲ ಎಂಬುದನ್ನು ಗಮನಿಸಿದರು. ಪಿಪೆಟ್ ಹಿಡಿಯಲು ಕಲಿಸಿದರು. ಡಿಗ್ರಿ ಮಾಡಿ ಬಂದವರು ಎರಡು ವರ್ಷಕ್ಕೆ ಬೇರೆ ಕೆಲಸ ಹುಡುಕಿಕೊಂಡು ಹೋದರು, ಜಲಜಾ ಉಳಿದಳು. ಲ್ಯಾಬಿನಲ್ಲಿ ಆರ್‌ಎನ್‌ಎ ಮುಟ್ಟುವ ಅಧಿಕಾರ ಕೊನೆಗೆ ಅವಳೊಬ್ಬಳದೇ ಆಯಿತು.

ಆ ಆರ್‌ಎನ್‌ಎ ಎಂಬುದರ ವಿಚಾರ ಅವಳು ಕೇಳಿ ಕೇಳಿಯೇ ಕಲಿತದ್ದು. ಜೀವಕೋಶದ ಒಳಕೋಣೆಯಲ್ಲಿ ಡಿಎನ್‌ಎ ಇರುತ್ತದೆ, ಅದು ಹೊರಗೆ ಬರುವುದಿಲ್ಲ. ಯಾವ ಪ್ರೋಟೀನು ಬೇಕೋ ಅಷ್ಟು ಭಾಗದ ನಕಲು ಮಾತ್ರ ತಯಾರಾಗಿ ಹೊರಗೆ ಹೋಗುತ್ತದೆ. ಆ ನಕಲೇ ಆರ್‌ಎನ್‌ಎ. ಡಿಎನ್‌ಎ ಗಟ್ಟಿ ಆಸಾಮಿ, ವರ್ಷಗಟ್ಟಲೆ ಬಾಳುತ್ತದೆ. ಆರ್‌ಎನ್‌ಎ ಮಹಾ ನಾಜೂಕು, ಬೆವರಿನ ಬೆರಳು ತಾಗಿದರೆ ಸಾಕು, ಚೂರು ಚೂರು. ಅದಕ್ಕೇ ಜಲಜಾ ಟೇಬಲ್ಲನ್ನು ಮೂರು ಸಲ ಒರೆಸುತ್ತಿದ್ದಳು, ಗಳಿಗೆಗೊಮ್ಮೆ ಗ್ಲೌಸ್ ಬದಲಿಸುತ್ತಿದ್ದಳು, ಹತ್ತಿರ ಬಂದು ಮಾತಾಡಿದವರನ್ನು ಗದರುತ್ತಿದ್ದಳು. ಅವಳ ಫ್ರೀಜರಿನ ಬಾಗಿಲನ್ನು ಸ್ವತಃ ರಾಗಿಣಿ ಮೇಡಂ ಕೂಡ ಕೇಳಿಯೇ ತೆಗೆಯಬೇಕು.

ಅಂಥ ಫ್ರೀಜರಿನಲ್ಲಿ ಆ ವರ್ಷ ಕವನಾ ಎಂಬ ಮಗುವಿನ ಒಂದು ಪುಟ್ಟ ಟ್ಯೂಬಿತ್ತು.

ಕವನಾಗೆ ಎರಡೂವರೆ ವರ್ಷ. ಕಾಮಾಕ್ಷಿಪಾಳ್ಯದ ಮಗು. ಜುಲೈನಲ್ಲಿ ಜ್ವರ ಬಂದು ಸಂಜೆ ಮಲಗಿದ್ದು ಬೆಳಿಗ್ಗೆ ಏಳಲಿಲ್ಲ. ಆಸ್ಪತ್ರೆಗೆ ಒಯ್ದರೂ ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಿತು. ಅಲ್ಲಿನ ಡಾಕ್ಟರಿಗೆ ಏನೋ ಅನುಮಾನ ಬಂದು ರಕ್ತ ತೆಗೆದಿಟ್ಟಿದ್ದರು. ಆ ರಕ್ತದ ಡಿಎನ್‌ಎ ಓದಿದಾಗ ಒಂದೇ ಒಂದು ಅಕ್ಷರ ಬದಲಾಗಿದ್ದು ಕಂಡಿತು, ಅಪ್ಪನ ಕಡೆಯಿಂದಲೂ ಅದೇ, ಅಮ್ಮನ ಕಡೆಯಿಂದಲೂ ಅದೇ. ಹೊಟ್ಟೆ ಖಾಲಿಯಾದಾಗ ಮೈಯ ಕೊಬ್ಬನ್ನು ಕರಗಿಸಿ ಶಕ್ತಿ ಕೊಡುವ ಒಂದು ಕಿಣ್ವದ ಜೀನ್ ಅದು.

ಆದರೆ ಆ ಅಕ್ಷರವೇ ಮಗುವನ್ನು ಕೊಂದದ್ದೆಂದು ಯಾರೂ ಹೇಳುವ ಹಾಗಿರಲಿಲ್ಲ. ಅದು ಜೀನಿನ ಮುಖ್ಯ ಭಾಗದಲ್ಲಿ ಇರಲಿಲ್ಲ, ಅಂಚಿನಲ್ಲಿತ್ತು. ನಕಲು ಮೊದಲು ತಯಾರಾಗುವಾಗ ನಡುನಡುವೆ ಬೇಡದ ಸಾಲುಗಳೂ ಸೇರಿರುತ್ತವೆ. ಜೀವಕೋಶ ಅವನ್ನು ಕತ್ತರಿಸಿ ಬಿಸಾಕಿ ಬೇಕಾದ ತುಂಡುಗಳನ್ನು ಮಾತ್ರ ಜೋಡಿಸುತ್ತದೆ. ಎಲ್ಲಿ ಕತ್ತರಿಸಬೇಕು ಎಂಬ ಗುರುತು ಆ ಅಂಚುಗಳಲ್ಲೇ ಇರುವುದು. ಗುರುತು ಕೆಟ್ಟಿದೆಯೋ ಇಲ್ಲವೋ ಎನ್ನುವುದು ನಕಲನ್ನು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮಗುವಿನ ನಕಲುಗಳು, ಒಂದು ಹನಿಗಿಂತ ಕಡಿಮೆ ನೀರಿನಲ್ಲಿ, ಆ ಟ್ಯೂಬಿನಲ್ಲಿದ್ದವು, ತೆಗೆದಿಟ್ಟ ರಕ್ತವೆಲ್ಲ ಮುಗಿದಿತ್ತು. ಪರೀಕ್ಷೆಗೆ ಬೇಕಾದ ಒಂದು ಸಾಮಾನು ಹಬ್ಬ ಕಳೆದ ಮೇಲೆ ಬರಬೇಕಿತ್ತು.

ಆದರೆ ಹೆಚ್ಚು ಕಾಯುವಂತಿರಲಿಲ್ಲ, ಕವನಾಳ ತಾಯಿ ಚೇತನಾ ಮತ್ತೆ ತುಂಬು ಬಸುರಿ. ಹೆರಿಗೆಗೆ ಮೂರೇ ವಾರ. ಆ ಅಕ್ಷರವೇ ತಪ್ಪಿತಸ್ಥ ಎಂದಾದರೆ ಹುಟ್ಟುವ ಮಗುವನ್ನು ಉಳಿಸುವುದು ಕಷ್ಟವಿಲ್ಲ, ಹುಟ್ಟಿದ ಗಳಿಗೆಯಿಂದ ಅದರ ಹೊಟ್ಟೆ ಖಾಲಿ ಬಿಡದಿದ್ದರೆ ಸಾಕು. ಅಲ್ಲ ಎಂದಾದರೆ ಯಾವುದಕ್ಕೆ ಕಾವಲು ಕಾಯಬೇಕೆಂದೇ ತಿಳಿಯದು. ಚೇತನಾ ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡುತ್ತಿದ್ದಳು. "ಆಂಟಿ, ರಿಸಲ್ಟ್ ಬಂತಾ?" ಅಷ್ಟೇ ಮಾತು.

ಈ ಲ್ಯಾಬಿನಲ್ಲಿ ಆಯುಧಪೂಜೆ ಎಂದರೆ ಜಲಜಾಳದೇ ದರ್ಬಾರು. ಮೆಷಿನ್ನುಗಳನ್ನೆಲ್ಲ ತೊಳೆದು ಒರೆಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆಸಿ, ಎಲ್ಲರಿಗೂ ಕಡಲೆಪುರಿ ಹಂಚುವವರೆಗೆ ಅವಳ ಕಾಲು ನೆಲಕ್ಕೆ ತಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮೆಷಿನ್ನು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರ್, ಆದ್ದರಿಂದ ದೇವರ ಫೋಟೋ ಅದರ ತಲೆಯ ಮೇಲೆ. ಆ ವರ್ಷ ಹೊಸ ಸೀರಿಯಲ್ ಸೆಟ್ ತಂದಿದ್ದಳು. ಫೋಟೋ ಸುತ್ತ ಸುತ್ತಿದಳು. ವೈರು ಗಿಡ್ಡ, ಪಕ್ಕದ ಸಾಕೆಟ್ ಎಟುಕಲಿಲ್ಲ. ಪೂಜಾರಿಯವರು ಆರತಿಗೆ ಕರ್ಪೂರ ಹಚ್ಚಿಯಾಗಿತ್ತು. "ಐದೇ ನಿಮಿಷ," ಎಂದುಕೊಂಡು ಫ್ರೀಜರಿನ ಪ್ಲಗ್ ಕಿತ್ತು ಸೀರಿಯಲ್ ಸೆಟ್ ಸಿಕ್ಕಿಸಿದಳು. ಅಲಾರಂ ಕೂಗಿತು. ಮಂಗಳಾರತಿ ಹೊತ್ತಿನಲ್ಲಿ ಇದೇನು ಅಪಶಕುನ ಎಂದು ಬಟನ್ ಒತ್ತಿ ಅದರ ಬಾಯಿಯನ್ನೂ ತಾನೇ ಮುಚ್ಚಿಸಿದಳು.

ಆಮೇಲೆ ಪ್ರಸಾದ, ಆಮೇಲೆ ಕುಂಬಳಕಾಯಿ, ಆಮೇಲೆ ಮೇಡಂ ಕಾರಿನ ಚಕ್ರಕ್ಕೆ ನಿಂಬೆಹಣ್ಣು. ಹತ್ತನೆಯ ಕೆಲಸ ಮರೆತೇಹೋಯಿತು. ಮರುದಿನ ವಿಜಯದಶಮಿ, ಲ್ಯಾಬಿಗೆ ಬೀಗ.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೇ ಬಂದು ದೀಪ ಹಾಕಿದವಳಿಗೆ ಮೊದಲು ಕಂಡದ್ದು ಮಿಣಮಿಣ ಎನ್ನುತ್ತಿದ್ದ ಸೀರಿಯಲ್ ಸೆಟ್. ಕೆಳಗೆ ನೆಲದಲ್ಲಿ ನೀರು. ಪ್ಲಗ್ ಹಾಕಿದಳು, ನೀರು ಒರೆಸಿದಳು, ಕವನಾಳ ಟ್ಯೂಬ್ ತೆಗೆದು ನೋಡಿದಳು. ಹಿಮದ ಕಾಳಿನ ಹಾಗೆ ಇರಬೇಕಾದದ್ದು ತಿಳಿನೀರಾಗಿ ಅಲುಗಾಡಿತು.

ಯಾರೂ ಬಂದಿರಲಿಲ್ಲ. ಮೇಡಂ ಬರುವುದು ಹತ್ತೂವರೆಗೆ. ಅಷ್ಟರಲ್ಲಿ ಫ್ರೀಜರಿನ ಅಂಕಿ ಸಾಕಷ್ಟು ಇಳಿದಿರುತ್ತದೆ, ಟ್ಯೂಬು ಮತ್ತೆ ಗಟ್ಟಿಯಾಗುತ್ತದೆ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ, ರಕ್ತದಲ್ಲಿ ಈ ಜೀನಿನ ನಕಲು ಮೊದಲೇ ಕಡಿಮೆ ಎಂದುಕೊಳ್ಳುತ್ತಾರೆ. ಅವಳನ್ನು ಯಾರು ಅನುಮಾನಿಸುತ್ತಾರೆ? ಇಪ್ಪತ್ತೊಂಬತ್ತು ವರ್ಷದ ಹೆಸರು. ಜಲಜಾ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದಳು. ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸಿದಳು. ಬಾಡಿದ ಹಾರಗಳನ್ನು ಕಿತ್ತು ಚೀಲಕ್ಕೆ ತುಂಬಿದಳು, ಚೀಲ ಕಟ್ಟಿದಳು, ಬಿಚ್ಚಿ ಮತ್ತೆ ಕಟ್ಟಿದಳು. ಹತ್ತೂವರೆಗೆ ಮೇಡಂ ಬಂದರು, ಹಬ್ಬ ಹೇಗಾಯ್ತು ಎಂದು ಕೇಳಿದರು. "ಚೆನ್ನಾಗಾಯ್ತು ಮೇಡಂ," ಎಂದಳು. ಹೇಳಿದ ಮೇಲೆ ತನ್ನ ನಾಲಿಗೆಯ ಮೇಲೇ ಅವಳಿಗೆ ಅಸಹ್ಯವಾಯಿತು.

ಹನ್ನೊಂದಕ್ಕೆ ಫೋನ್ ಬಂತು. "ಆಂಟಿ, ಬಂತಾ?"

ಇಲ್ಲ ಎನ್ನಲು ಬಾಯಿ ತೆರೆದಳು. ಆಗಲಿಲ್ಲ. "ಆಮೇಲೆ ಮಾಡ್ತೀನಿ ಇರಮ್ಮ," ಎಂದು ಕಟ್ ಮಾಡಿ ನೇರ ಮೇಡಂ ರೂಮಿಗೆ ಹೋದಳು.

"ಮೇಡಂ, ಕವನಾ ಸ್ಯಾಂಪಲ್ ಹಾಳಾಯ್ತು. ನಾನೇ ಪ್ಲಗ್ ಕಿತ್ತಿದ್ದು. ಲೈಟಿನ ಸರಕ್ಕೆ."

ರಾಗಿಣಿ ಬೈಯಲಿಲ್ಲ. ಬೈದಿದ್ದರೆ ಜಲಜಾಗೆ ಹಗುರಾಗುತ್ತಿತ್ತು. ಟ್ಯೂಬಿನ ತಳದಿಂದ ಸಾಸಿವೆಯಷ್ಟು ತೆಗೆದು ಪರೀಕ್ಷೆಗೆ ಹಾಕಿಸಿದರು. ಒಳ್ಳೆಯ ಆರ್‌ಎನ್‌ಎ ಇದ್ದರೆ ಎರಡು ಗಟ್ಟಿ ಗೆರೆ ಕಾಣಬೇಕು. ಪರದೆಯ ಮೇಲೆ ಬರೀ ಮಸಿ ಸವರಿದಂತೆ ಕಂಡಿತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇವತ್ತು ಹೇಳಿದ್ದು ಒಳ್ಳೇದಾಯ್ತು ಜಲಜಾ. ಇನ್ನೊಂದು ವಾರ ಬಿಟ್ಟು ಹೇಳಿದ್ರೆ ನಾನು ನಿಮ್ಮನ್ನ ಕ್ಷಮಿಸ್ತಿರ್ಲಿಲ್ಲ. ಈಗಲೂ ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ."

ಆಮೇಲೆ ಇನ್ನೊಂದು ದಾರಿ ಹೇಳಿದರು. ಕವನಾಳ ಅಪ್ಪನ ಮೈಯಲ್ಲಿ ಆ ಅಕ್ಷರ ಒಂದು ಪಾಲಿನಲ್ಲಿ ಕೆಟ್ಟಿದೆ, ಇನ್ನೊಂದು ಪಾಲು ಸರಿಯಿದೆ. ಗುರುತು ನಿಜಕ್ಕೂ ಹಾಳಾಗಿದ್ದರೆ ಅವನಲ್ಲಿ ಸರಿಯಾದ ನಕಲೂ ಇರಬೇಕು, ತಪ್ಪು ನಕಲೂ ಇರಬೇಕು. ತೊಡಕು ಏನೆಂದರೆ, ತಪ್ಪು ನಕಲನ್ನು ಜೀವಕೋಶವೇ ಹುಡುಕಿ ಹುಡುಕಿ ನಾಶ ಮಾಡುತ್ತದೆ. ಕವನಾಳ ರಕ್ತವನ್ನೇ ನೆಚ್ಚಿಕೊಂಡದ್ದು ಅದಕ್ಕೆ, ಅವಳಲ್ಲಿದ್ದದ್ದೆಲ್ಲ ಒಂದೇ ಥರದ ನಕಲು, ಗೊಂದಲವಿರಲಿಲ್ಲ. ಅಪ್ಪನಲ್ಲಿ ಹುಡುಕಬೇಕೆಂದರೆ ನಕಲುಗಳ ಸಂಖ್ಯೆಯೇ ಹೆಚ್ಚಬೇಕು. ಅದಕ್ಕೂ ಒಂದು ಉಪಾಯವಿತ್ತು. ಎಲ್ಲ ಜೀವಕೋಶಗಳಲ್ಲೂ ಇರುವುದು ಅದೇ ಡಿಎನ್‌ಎ, ಆದರೆ ಯಾವ ಜೀನಿನಿಂದ ಎಷ್ಟು ನಕಲು ತೆಗೆಯಬೇಕು ಎನ್ನುವುದು ಅಂಗಕ್ಕೆ ತಕ್ಕಂತೆ, ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಕೊಬ್ಬು ಕರಗಿಸುವ ಈ ಜೀನ್ ಹಸಿವಾದಾಗ ಜೋರಾಗುತ್ತದೆ.

"ಅವರು ಹದಿನೆಂಟು ಗಂಟೆ ಏನೂ ತಿನ್ನಬಾರದು, ನೀರು ಮಾತ್ರ. ಅವರಿಗೇನೂ ಅಪಾಯ ಇಲ್ಲ. ಅವರ ಹೆಂಡತಿ ಬಸುರಿ, ಆಕೆ ಉಪವಾಸ ಇರೋದು ಖಂಡಿತ ಬೇಡ. ಉಪವಾಸದ ವಿಷಯ ಈಗಲೇ ಫೋನಿನಲ್ಲಿ ನಾನು ಹೇಳ್ತೀನಿ. ಬೆಳಿಗ್ಗೆ ನೀವೇ ಹೋಗಿ ರಕ್ತ ತನ್ನಿ. ಯಾಕೆ ಬೇಕು ಅಂತಾನೂ ನೀವೇ ಹೇಳಿ."

ಕಾಮಾಕ್ಷಿಪಾಳ್ಯದ ಆ ಬೀದಿಯಲ್ಲಿ ಬೆಳಗಾಗುವುದೇ ಲೇತ್ ಮೆಷಿನ್ನಿನ ಸದ್ದಿನಿಂದ. ಚೇತನಾಳ ಗಂಡ ಆನಂದ್ ಅಂಥದೇ ಒಂದು ವರ್ಕ್‌ಶಾಪಿನಲ್ಲಿ ಟರ್ನರ್. ಅವನು ಚೇತನಾಳ ಸೋದರಮಾವ, ಆದ್ದರಿಂದ ಅವನ ತಾಯಿ ಚಿಕ್ಕಗಂಗಮ್ಮ ಅವಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಒಂದೇ ಅಕ್ಷರ ಎರಡೂ ಕಡೆಯಿಂದ ಬಂದದ್ದು ಹೀಗೆ.

ಜಲಜಾ ಹೊಸಿಲು ದಾಟಿದ ತಕ್ಷಣ ಹೇಳಿಬಿಟ್ಟಳು, ಕೂತರೆ ಹೇಳಲಾರೆ ಎಂದು. "ಪಾಪೂದು ಸ್ಯಾಂಪಲ್ ನನ್ನ ಕೈಯಿಂದ ಹಾಳಾಯ್ತಮ್ಮ. ಪೂಜೆ ಗಡಿಬಿಡೀಲಿ ಫ್ರೀಜರ್ ಆಫ್ ಮಾಡಿ ಮರೆತುಬಿಟ್ಟೆ."

ಚೇತನಾ ಗೋಡೆ ಹಿಡಿದು ನಿಂತಳು. "ಪೂರ್ತಿ ಹೋಯ್ತಾ ಆಂಟಿ? ಒಂಚೂರೂ ಇಲ್ವಾ?" ಎಂದಳು. ಅವಳು ಕೇಳುತ್ತಿರುವುದು ಪರೀಕ್ಷೆಯ ವಿಷಯವಲ್ಲ ಎಂದು ಜಲಜಾಗೆ ಗೊತ್ತಾಯಿತು.

"ಹಾಳು ಮಾಡೋರು ನೀವು, ಉಪಾಸ ನನ್ ಮಗ," ಎಂದು ಚಿಕ್ಕಗಂಗಮ್ಮ ಒಳಗಿನಿಂದ ಕೂಗಿದಳು. "ನಿನ್ನೆ ಮಧ್ಯಾಹ್ನದಿಂದ ಒಂದು ತುತ್ತಿಲ್ಲ ಅವನ ಹೊಟ್ಟೇಗೆ. ಎಲ್ಲಾ ಈ ಸೂಜಿ ಔಷಧಿಯಿಂದ್ಲೇ ಆಗೋದಾ? ತಾಯಾದೋಳು ಮೈಮೇಲೆ ನಿಗಾ ಇಟ್ಕೊಂಡಿದ್ರೆ ಮಗು ಹಂಗೆ ಹೋಗ್ತಿತ್ತಾ?"

ಚೇತನಾ ತಲೆ ತಗ್ಗಿಸಿದಳು. ಮೂರು ತಿಂಗಳಿಂದ ಕೇಳಿಸಿಕೊಂಡ ಮಾತು ಎನ್ನುವುದು ಅವಳ ಮುಖದಲ್ಲೇ ಇತ್ತು. "ಸುಮ್ನಿರವ್ವಾ," ಎಂದು ಆನಂದ್ ತೋಳು ಮುಂದೆ ಚಾಚಿದ. ಹಸಿವಿಗೆ ಅವನ ಕಣ್ಣು ಕೆಂಪಾಗಿದ್ದವು. ಜಲಜಾ ರಕ್ತ ತೆಗೆದುಕೊಂಡು, ಟ್ಯೂಬನ್ನು ಐಸ್ ಡಬ್ಬಿಗಿಟ್ಟು, ಬಸ್ಸಿಗೆ ಕಾಯಲಾರದೆ ಆಟೋ ಹಿಡಿದಳು. ಮಾಗಡಿ ರೋಡಿನ ಪ್ರತಿ ಸಿಗ್ನಲ್ಲಿನಲ್ಲೂ ಡ್ರೈವರಿಗೆ "ಅಣ್ಣಾ, ಬೇಗ" ಎಂದು ಜೀವ ತಿಂದಳು.

ಮುಂದಿನ ನಾಲ್ಕು ದಿನ ಅವಳು ಮನೆಯಲ್ಲಿ ಅನ್ನವನ್ನೂ ಸರಿಯಾಗಿ ಮಾಡಲಿಲ್ಲ, ಒಂದು ದಿನ ಗಂಟು, ಒಂದು ದಿನ ಗಂಜಿ. ಲ್ಯಾಬಿನಲ್ಲಿ ಮಾತ್ರ ಉಸಿರು ಬಿಗಿಹಿಡಿದು ಕೆಲಸ ಮಾಡಿದಳು. ಐದನೆಯ ದಿನ ಬೆಳಿಗ್ಗೆ, ನಕಲುಗಳನ್ನು ಉದ್ದಕ್ಕೆ ತಕ್ಕಂತೆ ಬೇರೆ ಮಾಡುವ ಜೆಲ್ಲನ್ನು ದೀಪದ ಮೇಲಿಟ್ಟಾಗ ಒಂದು ಗೆರೆ ದಪ್ಪಗೆ ಕಂಡಿತು, ಸರಿಯಾದ ನಕಲು. ಅದರ ಕೆಳಗೆ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಂಥ ತೆಳುವಾದ ಇನ್ನೊಂದು. ರಾಗಿಣಿ ಬಗ್ಗಿ ನೋಡಿದರು, ಮತ್ತೆ ಮಾಡಿಸಿದರು. ಮತ್ತೆ ಅದೇ. ಆ ಗಿಡ್ಡ ನಕಲನ್ನು ಓದಿಸಿಯೂ ನೋಡಿದರು. ಗುರುತು ಕೆಟ್ಟು, ಬೇಕಾದ ಒಂದು ತುಂಡೇ ಬೇಡದ ಸಾಲುಗಳ ಜೊತೆ ಕತ್ತರಿಸಿಹೋಗಿತ್ತು.

"ಇದೇ," ಎಂದರು ಮೇಡಂ. "ಹೋಗಿ ಹೇಳಿ ಬನ್ನಿ. ಹೆರಿಗೆ ಡಾಕ್ಟರಿಗೆ ನಾನು ಬರೀತೀನಿ."

ಜಲಜಾ ಹೋದಾಗ ಮೂವರೂ ಮನೆಯಲ್ಲಿದ್ದರು. ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಕವನಾಳ ಮೈಗೆ ಹಸಿವನ್ನು ತಡೆಯುವ ಶಕ್ತಿ ಇರಲಿಲ್ಲ, ಜ್ವರದ ಜೊತೆ ಖಾಲಿ ಹೊಟ್ಟೆ ಸೇರಿದ್ದೇ ಮುಳುವಾಯಿತು. ಹುಟ್ಟುವ ಮಗುವಿಗೂ ಇದು ಇರಬಹುದು, ಇಲ್ಲದಿರಬಹುದು. ಹೊಕ್ಕುಳಬಳ್ಳಿಯ ರಕ್ತದಿಂದ ತಿಳಿಯುತ್ತದೆ. ತಿಳಿಯುವವರೆಗೆ ಮೂರು ಗಂಟೆಗೊಂದು ಸಲ ಎಬ್ಬಿಸಿ ಹಾಲೂಡಿಸಬೇಕು, ಮಲಗಿದೆ ಎಂದು ಬಿಡಬಾರದು. ಇದ್ದರೂ ಹೆದರಬೇಕಿಲ್ಲ, ಹೊಟ್ಟೆ ನೋಡಿಕೊಂಡರೆ ಬೆಳೆಯುತ್ತದೆ, ಶಾಲೆಗೆ ಹೋಗುತ್ತದೆ.

ಆನಂದ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಚೇತನಾ ಅತ್ತಳು, ಮೂರು ತಿಂಗಳಲ್ಲಿ ಮೊದಲ ಸಲ ಉಸಿರು ಬಿಟ್ಟು ಅತ್ತಳು.

ಚಿಕ್ಕಗಂಗಮ್ಮ ಮಾತ್ರ ಅಲುಗಲಿಲ್ಲ. ಜಲಜಾಳನ್ನೇ ನೋಡುತ್ತ ಕೇಳಿದಳು.

"ಅವತ್ತು ಸಂಜೆ ಇವಳು ಗಂಜಿ ಕಾಯ್ಸಿದ್ಲು. ಜ್ವರದ ಮೈ, ಹೊಟ್ಟೆ ಖಾಲಿ ಇರ್ಲಿ, ಮಲಗಿರೋ ಕೂಸ್ನ ಎಬ್ಬಿಸ್ಬೇಡ ಅಂತ ನಾನೇ ಲೋಟ ಕಿತ್ಕೊಂಡೆ. ಕುಡಿಸಿದ್ರೆ ಉಳೀತಿತ್ತಾ ಅಮ್ಮಾ?"

ಆನಂದ್ ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಅಷ್ಟು ತಿಂಗಳು ಅಷ್ಟು ಮಾತು ಕೇಳಿಸಿಕೊಂಡರೂ ಚೇತನಾ ಇದನ್ನು ಅವನಿಗೆ ಹೇಳಿರಲಿಲ್ಲ. ಈಗಲೂ ಅವಳು ಅಜ್ಜಿಯ ಕಡೆ ನೋಡದೆ ಜಲಜಾಗೆ ಕಣ್ಣಲ್ಲೇ, ನಿಜ ಹೇಳಬೇಡಿ ಎಂದಳು. ಇಲ್ಲಮ್ಮ, ಉಳೀತಿರ್ಲಿಲ್ಲ ಎಂಬ ಮಾತು ಜಲಜಾಳ ತುಟಿಯವರೆಗೆ ಬಂತು. ಆದರೆ ಮುದುಕಿ ಆ ಸುಳ್ಳನ್ನು ನಂಬಿದರೆ ಮುಂದಿನ ಕೂಸಿನ ಲೋಟವನ್ನೂ ಕಿತ್ತುಕೊಂಡಾಳು.

"ಅವತ್ತು ಉಳೀತಿತ್ತೇನೋ ಅಮ್ಮ," ಎಂದಳು. "ಆದ್ರೆ ಅದು ನಿಮಗೆ ಹೆಂಗೆ ಗೊತ್ತಾಗಬೇಕಿತ್ತು ಹೇಳಿ. ಡಾಕ್ಟರಿಗೇ ಇವತ್ತು ಗೊತ್ತಾಗಿದೆ."

ಪಕ್ಕದ ವರ್ಕ್‌ಶಾಪಿನಲ್ಲಿ ಲೇತ್ ಒಂದೇ ಸಮನೆ ಕಿರುಗುಡುತ್ತಿತ್ತು. ಚಿಕ್ಕಗಂಗಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು ಕೂತಿದ್ದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ಮೂಲೆಯಲ್ಲಿದ್ದ ತನ್ನ ಚಾಪೆ ದಿಂಬು ಎತ್ತಿಕೊಂಡಳು.

"ಎಷ್ಟು ಹೊತ್ತಿಗೊಂದ್ಸಲ ಅಂದ್ರಿ?"

"ಮೂರು ಗಂಟೆಗೆ."

"ಆನಂದಾ, ಬಾಣಂತಿ ಮಂಚದ ಪಕ್ಕ ಜಾಗ ಮಾಡು," ಎಂದಳು ಮುದುಕಿ. "ಎಬ್ಬಿಸೋ ಕೆಲ್ಸ ನಂದು. ನಂಗಿನ್ನು ನಿದ್ದೆ ಎಲ್ಲಿ ಬರುತ್ತೆ."