ಸಾಲಿನಲ್ಲಿ ನಿಂತ ಉಳ್ಳಾಗಡ್ಡಿ

ಮೇ ತಿಂಗಳಲ್ಲಿ ನಾಗಪುರದಲ್ಲಿ ಮನೆ ಬಿಟ್ಟು ಹೊರಡುವವನ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ಇರಬೇಕು. ಇದ್ದರೆ ಬಿಸಿಲು ಬಡಿಯುವುದಿಲ್ಲವೆಂಬುದು ಇಲ್ಲಿನ ಶಾಸ್ತ್ರ. ಇವತ್ತು ಬೆಳಿಗ್ಗೆಯೂ ನನ್ನ ಹೆಂಡತಿ ಆ ಶಾಸ್ತ್ರ ಮುಗಿಸಿಯೇ ನನ್ನನ್ನು ವಿದ್ಯುತ್ ಕಚೇರಿಗೆ ಕಳಿಸಿದಳು. ಇಲ್ಲಿ ಸಾಲಿನಲ್ಲಿ ನಿಂತಿದ್ದೇನೆ. ಜುಬ್ಬಾದ ಕಿಸೆಯಿಂದ ಘಾಟು ಎದ್ದಾಗಲೆಲ್ಲ ಲೀಸಾ ನೆನಪಾಗುತ್ತಾಳೆ. ನಿಮಗೂ ಹೇಳಿಬಿಡುತ್ತೇನೆ, ಸಾಲು ಹೇಗೂ ಸರಿಯುತ್ತಿಲ್ಲ.

ಲೀಸಾ ನಾರ್ವೆಯ ನರ್ಸು. ಸ್ವಯಂಸೇವಕಿಯಾಗಿ ಬಂದು ಲಕ್ಷ್ಮೀ ನಗರದ ನಮ್ಮ ಮನೆಯ ಮಹಡಿಯಲ್ಲಿ ಒಂದು ಬೇಸಿಗೆ ಕಳೆದಳು. ಮೊದಲ ವಾರ ಮಧ್ಯಾಹ್ನ ಮಾಳಿಗೆಯ ಮೇಲೆ ಚಾಪೆ ಹಾಸಿ ಬಿಸಿಲು ಕಾಯಿಸಿಕೊಂಡಳು. ತಾನಾಗಿ ಬಿಸಿಲಿಗೆ ಮಲಗುವ ಮನುಷ್ಯಪ್ರಾಣಿಯನ್ನು ತೋರಿಸಲು ಎದುರು ಮನೆಯವರು ಬೀಗರನ್ನೂ ಕರೆಸಿದರು. ಎರಡನೆಯ ವಾರದಿಂದ ಆಕೆಯೂ ನಮ್ಮಂತೆ ಕಿಟಕಿ ಮುಚ್ಚಿ ಕೂಲರಿನ ಮುಂದೆ ಕೂತಳು.

ಪ್ರಶ್ನೆಗಳು ಮಾತ್ರ ನಿಲ್ಲಲಿಲ್ಲ. ಓಣಿಗೆ ನೀರಿನ ಟ್ಯಾಂಕರ್ ಬರುವ ಮುನ್ನ ಜನರ ಬದಲು ಬರೀ ಬಕೆಟ್ಟುಗಳು ಸಾಲು ನಿಲ್ಲುವುದು ಆಕೆಗೆ ದೊಡ್ಡ ವಿಸ್ಮಯ. ಯಾರು ಕಾಯುತ್ತಾರೆ? ನಮ್ಮ ಬಕೆಟ್ಟನ್ನು ಯಾರಾದರೂ ಹಿಂದೆ ಸರಿಸಿದರೆ? ಹಾಗೆ ಸರಿಸಿದವನಿಗೆ ಈ ಓಣಿಯಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲವೆಂದು ಗಂಭೀರವಾಗಿ ಹೇಳಿದೆ. ಪಾಪ, ನಂಬಿದಳು.

ಆಕೆಯ ಕೆಲಸ ಊರಂಚಿನ ವಾಡಿಯ ಗೋದಾಮುಗಳ ಹಮಾಲರಿಗೆ ಬಿಸಿಲಿನ ತಿಳಿವಳಿಕೆ ಹೇಳುವುದು. ಅವರು ‘ಬರೋಬರ್’, ಸರಿಯೇ ಸರಿ ಎಂದು ತಲೆಯಾಡಿಸುವರು, ನೀರು ಕುಡಿಯಲು ಮಾತ್ರ ಏಳರು. ಲಾರಿ ತುಂಬುವ ಪಾಳಿಗೆ ಬಿಸಿಲಲ್ಲೇ ಸಾಲಾಗಿ ಕೂತವರು; ಎದ್ದರೆ ಪಾಳಿ ಹಿಂದಿನವನ ಪಾಲು. ಹೀಗೆ ಏಳದೆ ಕೂತಿದ್ದ ಶಂಕರ್ ಎಂಬ ಹಮಾಲ ಒಂದು ಮಧ್ಯಾಹ್ನ ಬಿದ್ದೇಬಿಟ್ಟ. ಆಸ್ಪತ್ರೆ ಸೇರಿ ಬದುಕಿದ. ಉಳಿಸಿದ್ದು ಕಿಸೆಯ ಉಳ್ಳಾಗಡ್ಡಿಯೆಂದು ಸಾರಿ, ಅದೇ ಸಾಲಿಗೆ ಮರಳಿದ.

ಅವನು ಮರಳಿದ ಸಂಜೆ ಲೀಸಾ ಊಟದ ತಟ್ಟೆ ಸರಿಸಿದಳು. ಮುಂದಿನ ಸಲ ಬಿದ್ದರೆ ಶಂಕರ್ ಏಳುವುದಿಲ್ಲ ಕಾಕೂ ಎಂದು ನನ್ನ ಹೆಂಡತಿಯ ಮುಂದೆ ತನ್ನ ಹರಕು ಹಿಂದಿಯಲ್ಲಿ ಹೇಳಿದಳು. ಉಳ್ಳಾಗಡ್ಡಿಯ ನಿರರ್ಥಕತೆಯ ಕುರಿತು ಹಮಾಲರಿಗೊಂದು ಉಪನ್ಯಾಸ ಏರ್ಪಡಿಸಬಹುದೆಂದೂ, ಅಧ್ಯಕ್ಷತೆಗೆ ನಾನು ಸಿದ್ಧನೆಂದೂ ಸೂಚಿಸಿದೆ.

“ನೀವು ಸುಮ್ಮ ಕುಂಡ್ರ್ರಿ,” ಎಂದಳು ಹೆಂಡತಿ. ಆಮೇಲೆ ಲೀಸಾಳ ಕಡೆ ತಿರುಗಿ, ಧಾರವಾಡದ ಕನ್ನಡಕ್ಕಿಂತ ಹೆಚ್ಚು ಬೇರೆಯಲ್ಲದ ತನ್ನ ಹಿಂದಿಯಲ್ಲಿ, “ಅದು ಕಿಸೆದಾಗ ಸುಮ್ಮನ ಕುಂತೈತಿ ತಂಗಿ. ಅದಕ್ಕೂ ಏನರ ಕೆಲಸಾ ಹಚ್ಚು.”

ಲೀಸಾ ಕಿಟಕಿಯಾಚೆ ಬಕೆಟ್ಟುಗಳನ್ನೇ ನೋಡುತ್ತ ಬಹಳ ಹೊತ್ತು ಕೂತಳು.

ಮರುದಿನ ಹಮಾಲರಿಗೆ ಪಾಳಿ ಹಚ್ಚುವ ಮುಕಾದಮನನ್ನು ಕೇಳಿದಳಂತೆ: ನಿಮ್ಮ ಓಣಿಯಲ್ಲಿ ಬಕೆಟ್ ಪಾಳಿ ಹಿಡಿಯುವುದಾದರೆ ಇಲ್ಲಿ ಉಳ್ಳಾಗಡ್ಡಿ ಏಕೆ ಹಿಡಿಯಬಾರದು? ಅವನೂ ಟ್ಯಾಂಕರಿನ ಓಣಿಯವನೇ; ಒಪ್ಪಿಕೊಂಡ. ಶಂಕರನೇ ಮೊದಲಿಗ. ತನ್ನ ಜಾಗದಲ್ಲಿ ಉಳ್ಳಾಗಡ್ಡಿ ಇಟ್ಟು, ಯಾರೂ ಕೈ ಹಚ್ಚಕೂಡದೆಂದು ಮರಾಠಿಯಲ್ಲಿ ಎಚ್ಚರಿಸಿ, ನೀರಿನ ಮಡಕೆಯತ್ತ ನಡೆದ. ಕೆಲವೇ ದಿನಗಳಲ್ಲಿ ಉಳ್ಳಾಗಡ್ಡಿಗಳು ಬಿಸಿಲಲ್ಲಿ ಸಾಲು ನಿಂತವು, ಹಮಾಲರು ಬೇವಿನ ನೆರಳಿಗೆ ಬಂದರು.

ಆ ಬೇಸಿಗೆ ಶಂಕರ್ ಮತ್ತೆ ಬೀಳಲಿಲ್ಲ. “ನಾನು ಹೇಳಿರಲಿಲ್ಲವೇ ದೀದಿ,” ಎಂದು ಅವಳಿಗೇ ಬುದ್ಧಿ ಹೇಳಿದನಂತೆ, “ಕಾಪಾಡೋದು ಉಳ್ಳಾಗಡ್ಡಿನೇ.”

ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲೂ ಒಣಗಿದೆ. ಪಾಳಿ ತಪ್ಪೀತೆಂದು ಬೆಳಗಿನಿಂದ ಬಾಯಾರಿಕೊಂಡು ನಿಂತವನು ನಾನು. ಅತ್ತಿತ್ತ ನೋಡಿ, ಉಳ್ಳಾಗಡ್ಡಿಯನ್ನು ನನ್ನ ಜಾಗದಲ್ಲಿ ನೆಲಕ್ಕಿಟ್ಟು ಮೆಲ್ಲಗೆ ನಳದ ಕಡೆ ಹೋದೆ. ಇದು ನಮ್ಮ ಓಣಿಯಲ್ಲ, ಇವರಾರೂ ನನ್ನ ಪರಿಚಯದವರಲ್ಲ.

ಕುಡಿದು ಬಂದು ನೋಡುತ್ತೇನೆ: ಸಾಲು ಎರಡು ಹೆಜ್ಜೆ ಮುಂದೆ ಹೋಗಿದೆ. ಉಳ್ಳಾಗಡ್ಡಿಯೂ.